ಪಗರಣ, ಹಗರಣ: ಒಂದು ಶಬ್ದದ ಅರ್ಥವಿಚಾರ

ಇಂದಿನ ಕನ್ನಡ ವೃತ್ತಪತ್ರಿಕೆಗಳನ್ನು ಓದುವವರಿಗೆ 'ಹಗರಣ' ಎಂಬ ಶಬ್ದವು ಅಪರಿಚಿತವಲ್ಲ. ಸಾರ್ವಜನಿಕ ದ್ರವ್ಯವು ದುರುಪಯೋಗವಾಯಿತೆಂದಾಗಲಿ, ಅಧಿಕಾರಸ್ಥರು ಲಂಚವನ್ನು ಸ್ವೀಕರಿಸಿದರೆಂದಾಗಲಿ ಸುದ್ದಿಯು ಹೊರಬಿದ್ದೊಡನೆಯೇ ಅದಕ್ಕೆ ಹಗರಣವೆಂಬ ಹೆಸರು ಬೀಳುತ್ತದೆ. ೧೯೮೭ರಲ್ಲಿ ಬೆಳಕಿಗೆ ಬಂದ ಬೋಫೋರ್ಸ್ ಫಿರಂಗಿಗಳ ವ್ಯವಹಾರವು ಬೋಫೋರ್ಸ್ ಹಗರಣ. ೧೯೯೨ರ ಷೇರುಪೇಟೆಯ ವ್ಯವಹಾರವು ಷೇರು ಹಗರಣ. ಆದರೆ ಉತ್ತರಕನ್ನಡದ ಕುಮಟೆ, ಅಂಕೋಲೆಗಳ ಕಡೆಯಲ್ಲಿ ಸುಗ್ಗಿಯ ಹಬ್ಬದ ದಿನಗಳಲ್ಲಿ 'ಈ ರಾತ್ರಿ ಹಗರಣವಿದೆ' ಎಂಬ ಮಾತನ್ನು ಕೇಳಿದವನು, ಯಾರ ಹಣ ಹೋಯಿತೆಂದು ವಿಚಾರಿಸಲು ಹೊರಟರೆ ತಾನೇ ನಗೆಗೀಡಾಗುವನು. ಅಲ್ಲಿ ಹಗರಣವೆಂದರೆ ಊರಿನ ಜನರು ನಾನಾ ವೇಷಗಳನ್ನು ಕಟ್ಟಿಕೊಂಡು, ಒಬ್ಬರನ್ನೊಬ್ಬರು ಅಣಕಿಸುತ್ತ, ನೆರೆದವರನ್ನು ನಗಿಸುತ್ತ ಬೀದಿಯಲ್ಲಿ ಸಾಗುವ ಒಂದು ಸಣ್ಣ ನೋಟ. ಇದಕ್ಕೆ ಬರೆದಿಟ್ಟ ಪುಸ್ತಕವಿಲ್ಲ, ಕಟ್ಟಿದ ರಂಗಮಂದಿರವಿಲ್ಲ.

ಒಂದೇ ಶಬ್ದಕ್ಕೆ ಈ ಎರಡು ಅರ್ಥಗಳು ಹೇಗೆ ಬಂದವು? ಇವುಗಳಲ್ಲಿ ಮೂಲವಾವುದು? ಇಷ್ಟೇ ಆಗಿದ್ದರೆ ಇದು ನಿಘಂಟುಕಾರರಿಗೆ ಬಿಡಬಹುದಾದ ಪ್ರಶ್ನೆ. ಆದರೆ ಈ ಶಬ್ದದ ಹಿಂದೆ ಕನ್ನಡ ಸಾಹಿತ್ಯಚರಿತ್ರೆಯ ಒಂದು ಹಳೆಯ ತೊಡಕು ಅಡಗಿದೆಯೆಂದು ನಮಗೆ ತೋರುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಶಬ್ದರೂಪವನ್ನು ನೋಡೋಣ. ನಡುಗನ್ನಡದ 'ಹಗರಣ'ಕ್ಕೆ ಹಳಗನ್ನಡದ ರೂಪವು 'ಪಗರಣ'. ಪಾಲು ಹಾಲಾದಂತೆ, ಪುಲಿಯು ಹುಲಿಯಾದಂತೆ, ಪೂವು ಹೂವಾದಂತೆ ಪಗರಣವು ಹಗರಣವಾಯಿತು. ಪಗರಣವಾದರೋ ಸಂಸ್ಕೃತದ 'ಪ್ರಕರಣ' ಶಬ್ದದ ತದ್ಭವ. ಮೊದಲಿನ ಒತ್ತಕ್ಷರದಲ್ಲಿಯ ರೇಫವು ಲೋಪವಾಗುವುದು, ಸ್ವರಗಳ ನಡುವಿನ ಕಕಾರವು ಗಕಾರವಾಗುವುದು, ಇವೆರಡೂ ಕನ್ನಡದ ತದ್ಭವಗಳಲ್ಲಿ ಸಾಮಾನ್ಯವಾದ ವಿಕಾರಗಳು. ಪ್ರಯಾಣವು ಪಯಣವಾಗಿದೆ; ಆಕಾಶವು ಆಗಸವಾಗಿದೆ; ಎರಡೂ ವಿಕಾರಗಳು ಒಂದೇ ಶಬ್ದದಲ್ಲಿ ಕೂಡಿ ಪ್ರಾಕಾರವು ಪಾಗಾರವಾಗಿದೆ. ಪ್ರಸಾದವು ಪಸಾದವಾಗಿ, ಅನಂತರ ಹಸಾದವಾಗಿರುವುದನ್ನು ಇದರೊಡನೆ ಇಟ್ಟು ನೋಡಿದರೆ ಪ್ರಕರಣ, ಪಗರಣ, ಹಗರಣ ಎಂಬ ಸಾಲಿನಲ್ಲಿ ಸಂಶಯಕ್ಕೆ ಎಡೆಯಿಲ್ಲ. ಹಗರಣದಲ್ಲಿ 'ಹಗೆ'ಯನ್ನೂ 'ರಣ'ವನ್ನೂ ಕಾಣುವವರು, ಅಥವಾ ಹಗಲುವೇಷಗಾರರ ಹೆಸರನ್ನು ನೆನೆದು 'ಹಗಲ'ನ್ನು ಕಾಣುವವರು, ಈ ಹಳೆಯ ಪಕಾರರೂಪವನ್ನು ಗಮನಿಸಿದರೆ ಸಾಕು. ಪಕಾರವು ಇದ್ದಾಗ ಹಗೆಯು ಪಗೆಯಾಗುತ್ತದೆ, ಹಗಲು ಪಗಲಾಗುತ್ತದೆ, ನಿಜ. ಆದರೆ 'ಪಗೆಯ ರಣ'ದಿಂದ ನಗೆಯ ಆಟವನ್ನು ಹೊರಡಿಸುವುದು ಹೇಗೆಂಬುದು ನಮಗೆ ತಿಳಿಯದು. 'ಪಗಲ್' ಶಬ್ದದ ಲಕಾರವು ಎಲ್ಲಿ ಹೋಯಿತೆಂಬುದನ್ನೂ ಹೇಳಬೇಕಾಗುತ್ತದೆ.

ಇಲ್ಲಿ ಒಂದು ವಿನೋದವಿದೆ. ಸಂಸ್ಕೃತದ 'ಪ್ರಕರಣ'ವು ತತ್ಸಮರೂಪದಿಂದಲೂ ಕನ್ನಡದಲ್ಲಿ ಬದುಕಿದೆ. ಶಾಸ್ತ್ರಗ್ರಂಥದ ಒಂದು ಭಾಗವೆಂದೂ, ಪ್ರಸ್ತುತ ವಿಷಯವೆಂದೂ ಅದಕ್ಕಿದ್ದ ಅರ್ಥವು ನ್ಯಾಯಾಲಯದ ಬಳಕೆಯಲ್ಲಿ 'ವ್ಯಾಜ್ಯ' ಎಂಬುದಕ್ಕೆ ತಿರುಗಿತು. ಆದುದರಿಂದ ಪತ್ರಿಕೆಗಳು 'ಹಗರಣದ ಪ್ರಕರಣ' ಎಂದು ಬರೆದಾಗ ಒಂದೇ ಶಬ್ದವನ್ನು ಎರಡು ಸಲ ಬರೆದಂತಾಗುತ್ತದೆ.

ಆದರೆ ಪಗರಣಕ್ಕೆ ಮೂಲವಾದುದು ಗ್ರಂಥಭಾಗವೆಂಬ ಅರ್ಥದ ಪ್ರಕರಣವಲ್ಲ, ನಾಟ್ಯಶಾಸ್ತ್ರದ ಪ್ರಕರಣ. ಭರತನು ಹೇಳುವ ದಶರೂಪಕಗಳು ನಾಟಕ, ಪ್ರಕರಣ, ಅಂಕ, ವ್ಯಾಯೋಗ, ಭಾಣ, ಸಮವಕಾರ, ವೀಥಿ, ಪ್ರಹಸನ, ಡಿಮ, ಈಹಾಮೃಗ ಎಂಬವು. ಈ ಹತ್ತು ಹೆಸರುಗಳು ಕನ್ನಡದಲ್ಲಿ ಏನಾದುವೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಡಿಮ, ಸಮವಕಾರ, ಈಹಾಮೃಗಗಳು ಪಂಡಿತರ ಓಲೆಗಳನ್ನು ಬಿಟ್ಟು ಹೊರಗೆ ಬರಲೇ ಇಲ್ಲ. ನಾಟಕ, ಪ್ರಹಸನಗಳು ಬಂದರೂ ತತ್ಸಮಗಳಾಗಿಯೇ ಉಳಿದುವು. ವೀಥಿಗೆ 'ಬೀದಿ' ಎಂಬ ತದ್ಭವವು ಹುಟ್ಟಿತು. ಆದರೆ ಅದು ಜನ ನಡೆಯುವ ಬೀದಿಯೇ ಹೊರತು ರೂಪಕವಲ್ಲ. ತೆಲುಗಿನವರು ವೀಧಿನಾಟಕವೆಂದು ಹೇಳುವಾಗಲೂ ಆ ವೀಧಿಯು ಆಟ ನಡೆಯುವ ಸ್ಥಳವೇ ಆಗಿದೆ. ಅಂಕಶಬ್ದದ ಗತಿಯು ಇನ್ನೂ ಬೇರೆ. ಕನ್ನಡದಲ್ಲಿ ಅಂಕವೆಂದರೆ ದ್ವಂದ್ವಯುದ್ಧ, ಅದನ್ನು ಮಾಡುವವನು ಅಂಕಕಾರ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನು ನೋಡತಕ್ಕ ಇಪ್ಪತ್ತು ವಿನೋದಗಳಲ್ಲಿ ಅಂಕವಿನೋದವನ್ನೂ ಎಣಿಸಿದ್ದಾನೆ. ಕರಾವಳಿಯ ಕೋಳಿ ಅಂಕದಲ್ಲಿ ಆ ಹೆಸರು ಇಂದಿಗೂ ಕೇಳಿಬರುತ್ತದೆ. ರೂಪಕಭೇದವಾದ ಅಂಕಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಹತ್ತು ಹೆಸರುಗಳಲ್ಲಿ ಜನರ ಬಾಯಲ್ಲಿ ಸವೆದು, ತದ್ಭವವಾಗಿ, ಆದರೂ 'ಆಟ' ಎಂಬ ಅರ್ಥವನ್ನು ಕಳೆದುಕೊಳ್ಳದೆ ನಿಂತದ್ದು ಪ್ರಕರಣವೊಂದೇ ಎಂಬುದನ್ನು ತೋರಿಸುವುದಷ್ಟೇ ನಮ್ಮ ಇಷ್ಟ. ಪಂಡಿತನ ಓಲೆಯಿಂದ ಬಂದ ಶಬ್ದವು ಸಾಮಾನ್ಯವಾಗಿ ತನ್ನ ರೂಪವನ್ನು ಕಾಪಾಡಿಕೊಳ್ಳುತ್ತದೆ. ಕಿವಿಯಿಂದ ಕಿವಿಗೆ ಬಂದದ್ದು ಸವೆಯುತ್ತದೆ. ಛಂದಸ್ಸಿನ ಸೌಕರ್ಯಕ್ಕಾಗಿ ಕವಿಗಳೇ ತದ್ಭವಗಳನ್ನು ಬಳಸುವುದುಂಟೆಂದು ಆಕ್ಷೇಪಿಸಬಹುದು. ಹಾಗಿದ್ದರೆ ಪಗರಣಕ್ಕೆ ಪ್ರಕರಣದ ಶಾಸ್ತ್ರೀಯಾರ್ಥವೇ ಇರಬೇಕಾಗಿತ್ತು. ಅದು ಇಲ್ಲ. ಪಗರಣವು ಹತ್ತಂಕಗಳ ರೂಪಕವಲ್ಲ. ಅಣಕ, ಹಾಸ್ಯದ ಆಟ. ಅದನ್ನು ಆಡುವವನು ಪಗರಣಿಗ ಅಥವಾ ಹಗರಣಿಗ, ಎಂದರೆ ವೇಷಗಾರ, ನಗಿಸುವವನು.

ದೊಡ್ಡ ರೂಪಕದ ಹೆಸರು ಇಷ್ಟು ಸಣ್ಣ ಆಟಕ್ಕೆ ಇಳಿದುದು ಹೇಗೆ? ಪ್ರಕರಣದ ಲಕ್ಷಣವನ್ನು ನೋಡಿದರೆ ಉತ್ತರವು ಸ್ವಲ್ಪಮಟ್ಟಿಗೆ ದೊರೆಯುತ್ತದೆ. ನಾಟಕದ ಕಥೆಯು ಪ್ರಖ್ಯಾತವಾಗಿರಬೇಕು, ನಾಯಕನು ರಾಜರ್ಷಿಯಾಗಿರಬೇಕು. ಪ್ರಕರಣದಲ್ಲಾದರೋ ಕಥೆಯು ಕವಿಕಲ್ಪಿತ. ನಾಯಕನು ಬ್ರಾಹ್ಮಣ, ವರ್ತಕ, ಅಮಾತ್ಯ, ಸಾರ್ಥವಾಹ ಇಂಥವರಲ್ಲೊಬ್ಬ. ಅರಸರ ಭೋಗವೂ ದೇವತೆಗಳ ಸಂಚಾರವೂ ಅಲ್ಲಿಲ್ಲ. ಅವುಗಳ ಬದಲಿಗೆ ವೇಶ್ಯೆ, ವಿಟ, ಚೇಟ, ದಾಸ, ಶ್ರೇಷ್ಠಿಗಳು ಬರುತ್ತಾರೆ. 'ಮೃಚ್ಛಕಟಿಕ'ವನ್ನು ಓದಿದವರಿಗೆ ಜೂಜುಗಾರರ ಜಗಳವೂ ಗೋಡೆಗೆ ಕನ್ನ ಕೊರೆಯುವ ಶರ್ವಿಲಕನ ವಿದ್ಯಾಪಾಂಡಿತ್ಯವೂ ಶಕಾರನ ಹುಚ್ಚುಮಾತುಗಳೂ ಮರೆಯುವಂತಿಲ್ಲ. ಇಂಥ ರೂಪಕವನ್ನು ಕಂಡ ಜನರು ಅದರಿಂದ ತಮ್ಮ ಬೀದಿಗೆ ತಂದುಕೊಳ್ಳುವುದು ಚಾರುದತ್ತನ ತ್ಯಾಗವನ್ನಲ್ಲ, ಶಕಾರನ ಮಾತುಗಳನ್ನು. ಕಲ್ಪಿತವಾದ ಕಥೆ, ನಿತ್ಯದಲ್ಲಿ ಕಾಣುವ ಜನ, ನಗೆ: ಈ ಮೂರು ಗುಣಗಳು ಪ್ರಕರಣಕ್ಕೂ ಪಗರಣಕ್ಕೂ ಸಮಾನ. ಅಂಕಗಳೂ ಸಂಧಿಗಳೂ ಕಳಚಿ ಬಿದ್ದ ಮೇಲೆ ಉಳಿದುದು ಇದೇ ಎಂದು ಊಹಿಸುವುದರಲ್ಲಿ ಸಾಹಸವೇನೂ ಇಲ್ಲ.

ಹೀಗೆ ಶಾಸ್ತ್ರದ ಹೆಸರು ಬೀದಿಗೆ ಇಳಿಯುತ್ತಿದ್ದಾಗ, ಇದಕ್ಕೆ ವಿರುದ್ಧವಾಗಿ ಬೀದಿಯ ಹೆಸರೊಂದು ಶಾಸ್ತ್ರಕ್ಕೆ ಏರುತ್ತಿತ್ತು. ಅದು 'ಪ್ರೇಕ್ಷಣ'. ಎರಡನ್ನೂ ಒಟ್ಟಿಗೆ ನೋಡಿದರೆ ಪಗರಣದ ಸ್ಥಾನವು ಸ್ಪಷ್ಟವಾಗುವುದರಿಂದ ಅದರ ವಿಚಾರವನ್ನೂ ಇಲ್ಲಿ ಹೇಳಬೇಕಾಗಿದೆ.

ಪ್ರೇಕ್ಷೆ, ಪ್ರೇಕ್ಷಣ ಎಂದರೆ ನೋಡುವಿಕೆ. ಲಕ್ಷಣೆಯಿಂದ ನೋಡತಕ್ಕ ವಸ್ತು, ನೋಟ. ಅಮರಸಿಂಹನು ಪ್ರೇಕ್ಷಾಶಬ್ದಕ್ಕೆ ನೃತ್ಯವನ್ನು ನೋಡುವುದೆಂದೂ ಪ್ರಜ್ಞೆಯೆಂದೂ ಎರಡರ್ಥಗಳನ್ನು ಹೇಳುತ್ತಾನೆ. ಪಾಲಿಯಲ್ಲಿ ಇದು 'ಪೇಕ್ಖಾ'. ದೀಘನಿಕಾಯದ ಬ್ರಹ್ಮಜಾಲಸುತ್ತದಲ್ಲಿ ಭಿಕ್ಷುಗಳು ನೋಡಬಾರದ ನೋಟಗಳ ಉದ್ದವಾದ ಪಟ್ಟಿಯಿದೆ: ನೃತ್ಯ, ಗೀತ, ವಾದ್ಯ, ಪೇಕ್ಖಾ, ಆಖ್ಯಾನ, ಕೈತಾಳ, ಆನೆ ಕುದುರೆ ಟಗರು ಕೋಳಿಗಳ ಕಾಳಗ, ಮಲ್ಲಯುದ್ಧ ಮುಂತಾದುವು. ಯಾವುದಕ್ಕೆ ಬೇರೆ ಹೆಸರಿದೆಯೋ ಅದು ಆ ಹೆಸರಿನಿಂದ ಪಟ್ಟಿಯಲ್ಲಿ ಸೇರಿತು. ನಟರ ಕೂಟಕ್ಕೆ ಪೇಕ್ಖಾ ಎಂಬುದೇ ಹೆಸರಾಯಿತು. ಆಟವನ್ನು ಆಡುವವನ ಕಡೆಯಿಂದಲ್ಲ, ನೋಡುವವನ ಕಡೆಯಿಂದ ಹೆಸರಿಸಿರುವುದು ಗಮನಾರ್ಹ. ನಮ್ಮ 'ನೋಟ'ವೂ ಹೀಗೆಯೇ.

ಇಂಥ ನೋಟಗಳು ಊರುಗಳಲ್ಲಿ ಹೇಗೆ ನಡೆಯುತ್ತಿದ್ದುವೆಂಬುದಕ್ಕೆ ಅತ್ಯಂತ ಸ್ವಾರಸ್ಯವಾದ ಸಾಕ್ಷ್ಯವು ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ದೊರೆಯುತ್ತದೆ. ಈ ಗ್ರಂಥವನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡು ೧೯೦೯ರಲ್ಲಿ ಪ್ರಕಟಿಸಿದುದು ನಮ್ಮವರೆಲ್ಲರಿಗೂ ತಿಳಿದ ವಿಷಯ. ಗ್ರಾಮದಲ್ಲಿ ಪ್ರೇಕ್ಷೆಯು ನಡೆಯುವಾಗ ತನ್ನ ಪಾಲಿನ ವಂತಿಗೆಯನ್ನು ಕೊಡದವನು ತಾನೂ ನೋಡಕೂಡದು, ಅವನ ಮನೆಯವರೂ ನೋಡಕೂಡದು ಎಂದು ಕೌಟಿಲ್ಯನು ವಿಧಿಸುತ್ತಾನೆ. ಮರೆಯಲ್ಲಿ ನಿಂತು ನೋಡಿದರೆ, ಅಥವಾ ಬರಿದೆ ಕಿವಿಗೊಟ್ಟು ಕೇಳಿದರೂ, ಎರಡರಷ್ಟು ಪಾಲನ್ನು ತೆರಬೇಕು. ಊರೊಟ್ಟಿನ ಬಯಲಾಟಕ್ಕೆ ವಂತಿಗೆ ಎತ್ತಿದ ಅನುಭವವುಳ್ಳವರು ಈ ವಿಧಿಯ ಔಚಿತ್ಯವನ್ನು ಬಲ್ಲರು. ಹೊರದೇಶದಿಂದ ಬಂದ ಮೇಳದವರು ಐದು ಪಣಗಳ ಪ್ರೇಕ್ಷಾವೇತನವನ್ನು ಸರಕಾರಕ್ಕೆ ಸಲ್ಲಿಸಬೇಕೆಂದೂ ಅಲ್ಲಿಯೇ ಹೇಳಿದೆ. ಅರಮನೆಯ ಸಂಬಳದ ಪಟ್ಟಿಯಲ್ಲಿ ಮಂತ್ರಿ ಪುರೋಹಿತರಿಗೆ ೪೮,೦೦೦ ಪಣ, ಕುಶೀಲವರಿಗೆ ೨೫೦. ವಾದ್ಯಗಳನ್ನು ಮಾಡುವವರಿಗೆ ಮಾತ್ರ ಅದರ ಎರಡರಷ್ಟು. ಆಡುವವನಿಗಿಂತ ಅವನ ಮದ್ದಳೆಯನ್ನು ಮಾಡಿಕೊಟ್ಟವನಿಗೆ ಹೆಚ್ಚು ಸಂಬಳವೇಕೆಂಬುದನ್ನು ಕೌಟಿಲ್ಯನು ವಿವರಿಸಿಲ್ಲ.

ಈ ಪ್ರೇಕ್ಷಣವು ಅಲಂಕಾರಶಾಸ್ತ್ರದಲ್ಲಿ ಒಂದು ಉಪರೂಪಕವಾಗಿ ಸ್ಥಾನ ಪಡೆದುದು ಬಹುಕಾಲದ ಮೇಲೆ. ಹನ್ನೊಂದನೆಯ ಶತಮಾನದ ಧಾರಾಪತಿ ಭೋಜರಾಜನು 'ಶೃಂಗಾರಪ್ರಕಾಶ'ದಲ್ಲಿ 'ಪ್ರೇಕ್ಷಣಕ'ವನ್ನು ಹೇಳಿದ್ದಾನೆ. ಹೇಮಚಂದ್ರನ ಶಿಷ್ಯರಾದ ರಾಮಚಂದ್ರ ಗುಣಚಂದ್ರರ 'ನಾಟ್ಯದರ್ಪಣ'ದಲ್ಲಿಯೂ ಅದೇ ಲಕ್ಷಣವು ಬಂದಿದೆ. ಬೀದಿಯಲ್ಲಿ, ಜನಸಮಾಜದಲ್ಲಿ, ಚೌಕದಲ್ಲಿ, 'ಸುರಾಲಯ' ಮೊದಲಾದ ಕಡೆಗಳಲ್ಲಿ ಅನೇಕ ಪಾತ್ರಗಳು ಕೂಡಿ ನಡೆಸುವುದು ಪ್ರೇಕ್ಷಣಕ. ಕಾಮದಹನವೇ ಮೊದಲಾದುವು ಅದಕ್ಕೆ ಉದಾಹರಣೆಗಳು. ಸುರಾಲಯವನ್ನು ಸುರರ ಆಲಯವೆಂದು ಬಿಡಿಸಿದರೆ ದೇವಸ್ಥಾನ; ಸುರೆಯ ಆಲಯವೆಂದು ಬಿಡಿಸಿದರೆ ಹೆಂಡದಂಗಡಿ. ಭೋಜನ ಮನಸ್ಸಿನಲ್ಲಿ ಯಾವುದಿತ್ತೋ! ಸಣ್ಣ ಆಟಗಳನ್ನು ಎರಡು ಕಡೆಗಳಲ್ಲಿಯೂ ನೋಡಿದವರಿಗೆ ಈ ಸಂದೇಹವು ಅಷ್ಟಾಗಿ ಬಾಧಿಸದು. ಇನ್ನು ಕಾಮದಹನದ ಮಾತು. ಅಂಕಗಳ ಗಣನೆಯಿಲ್ಲ, ನಾಯಕಲಕ್ಷಣವಿಲ್ಲ. ಲಕ್ಷಣಕಾರನು ಹೇಳಿದುದು ಆಟ ನಡೆಯುವ ಸ್ಥಳವನ್ನು, ಕೊಟ್ಟ ಉದಾಹರಣೆಯು ಕಾಮನನ್ನು ಸುಡುವ ಆಟ. ನಮ್ಮ ನಾಡಿನಲ್ಲಿ ಫಾಲ್ಗುಣದ ಹುಣ್ಣಿಮೆಯಲ್ಲಿ ರತಿಕಾಮರನ್ನು ಕೂರಿಸಿ, ಲಾವಣಿಗಳನ್ನು ಹಾಡಿ, ಸೋಗುಗಳನ್ನು ಹಾಕಿ, ಕೊನೆಗೆ ಕಾಮನನ್ನು ಸುಡುವುದನ್ನು ಕಂಡವರಿಗೆ ಈ ಉದಾಹರಣೆಯು ಅಪರಿಚಿತವೆನಿಸದು. ಮೇಲೆ ಹೇಳಿದ ಉತ್ತರಕನ್ನಡದ ಹಗರಣವೂ ಇದೇ ಕಾಲದ ಆಟವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಹದಿನಾಲ್ಕನೆಯ ಶತಮಾನದ ವಿಶ್ವನಾಥನ 'ಸಾಹಿತ್ಯದರ್ಪಣ'ಕ್ಕೆ ಬರುವಷ್ಟರಲ್ಲಿ ಹೆಸರೂ ಲಕ್ಷಣವೂ ಮಾರ್ಪಟ್ಟಿವೆ. ಅಲ್ಲಿ ಇದು 'ಪ್ರೇಂಖಣ'; ಒಂದೇ ಅಂಕ, ಹೀನನಾಯಕ, ಸೂತ್ರಧಾರನಿಲ್ಲ, ನಾಂದಿಯು ನೇಪಥ್ಯದಲ್ಲಿ; ಉದಾಹರಣೆ ವಾಲಿವಧೆ. ಪ್ರೇಂಖೆಯೆಂದರೆ ಉಯ್ಯಾಲೆ. ಉಯ್ಯಾಲೆಗೂ ವಾಲಿಯ ವಧೆಗೂ ಏನು ಸಂಬಂಧ? ಪ್ರಾಕೃತದ 'ಪೇಕ್ಖಣ'ವನ್ನು ಮರಳಿ ಸಂಸ್ಕೃತಕ್ಕೆ ತರುವಾಗ ಯಾರೋ ದಾರಿ ತಪ್ಪಿ ಪ್ರೇಂಖಣವನ್ನು ನಿರ್ಮಿಸಿದರೆಂದು ನಮಗೆ ತೋರುತ್ತದೆ. ಹೆಸರು ಮೊದಲು ಬೀದಿಯಲ್ಲಿದ್ದು, ಪಂಡಿತರು ಅದನ್ನು ಆಮೇಲೆ ಎತ್ತಿಕೊಂಡರೆಂಬುದಕ್ಕೆ ಇದೂ ಒಂದು ಕುರುಹು. ಅದು ಏರಿದ ಎತ್ತರವೂ ಸಾಮಾನ್ಯವಲ್ಲ. ಭಾಸ್ಕರಕವಿಯ 'ಉನ್ಮತ್ತರಾಘವ'ವು ಪ್ರೇಕ್ಷಣಕವೆಂದೇ ಹೆಸರಿಸಲ್ಪಟ್ಟ ಏಕಾಂಕ. ಸೀತೆಯನ್ನು ಕಾಣದೆ ರಾಮನು 'ವಿಕ್ರಮೋರ್ವಶ್ಯ'ದ ಪುರೂರವನಂತೆ ಅಲೆಯುವುದು ಅದರ ವಸ್ತು. ವಿಜಯನಗರದ ಎರಡನೆಯ ಹರಿಹರನ ಮಗನಾದ ವಿರೂಪಾಕ್ಷನೂ ಇದೇ ಹೆಸರಿನ ಏಕಾಂಕವೊಂದನ್ನು ರಚಿಸಿದ್ದಾನೆ. ಬೀದಿಯ ಚೌಕದಿಂದ ಹೊರಟ ಹೆಸರು ರಾಜಕುಮಾರನ ಲೇಖನಿಗೆ ಬಂದಿತು. ಕನ್ನಡದಲ್ಲಿ ಇದರ ತದ್ಭವವು 'ಪೆಕ್ಕಣ'. ರಾಕ್ಷಸನು ರಕ್ಕಸನಾದಂತೆ, ಅಕ್ಷರವು ಅಕ್ಕರವಾದಂತೆ. ಆದರೆ ಅದು ನೃತ್ಯವೆಂಬ ಅರ್ಥದಲ್ಲಿ ನಿಂತು, ಹಳಗನ್ನಡದೊಡನೆಯೇ ಮರೆಯಾಯಿತು. ಮರಾಠಿಯ 'ಪೇಖಣೆ', ಹಿಂದಿಯ 'ಪೇಖನ'ಗಳು ಇದರ ಒಡಹುಟ್ಟಿದವು. ಜಗತ್ತೇ ಒಂದು ಪೇಖನ, ನೀನು ಅದನ್ನು ನೋಡುವವನು ಎಂಬ ಅರ್ಥದ ಮಾತನ್ನು ತುಲಸೀದಾಸನು ರಾಮನನ್ನು ಕುರಿತು ಹೇಳಿಸಿದ್ದಾನೆ.

ಈಗ ನಾವು ಮೊದಲು ಸೂಚಿಸಿದ ತೊಡಕಿಗೆ ಬರಬಹುದು. ಕನ್ನಡದಲ್ಲಿ ಪ್ರಾಚೀನ ನಾಟಕಗಳಿಲ್ಲವೆಂಬುದು ಸಾಹಿತ್ಯಚರಿತ್ರಕಾರರನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ. ನಮಗೆ ದೊರೆತಿರುವವುಗಳಲ್ಲಿ ಮೊದಲನೆಯದಾದ 'ಮಿತ್ರವಿಂದಾಗೋವಿಂದ'ವು ಚಿಕ್ಕದೇವರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ (೧೬೭೨–೧೭೦೪) ಸಿಂಗರಾರ್ಯನು ಹರ್ಷನ 'ರತ್ನಾವಳಿ'ಯನ್ನು ಅನುಸರಿಸಿ ಬರೆದುದು. ಪಂಪನಿಂದ ಅಲ್ಲಿಗೆ ಏಳುನೂರು ವರ್ಷಗಳಿಗೂ ಮೇಲಾಯಿತು. ಆ ಮಧ್ಯೆ ನಾಟ್ಯದ ಅಭಿರುಚಿಯೇ ಇರಲಿಲ್ಲವೆನ್ನುವಂತಿಲ್ಲ. ಪಟ್ಟದಕಲ್ಲಿನ ಎಂಟನೆಯ ಶತಮಾನದ ಶಾಸನವೊಂದು ಅಚಲನೆಂಬ ನಟನನ್ನು ಭರತಮತವನ್ನು ಅನುಸರಿಸಿದವನೆಂದು ಹೊಗಳುತ್ತದೆ. ರನ್ನನ 'ಗದಾಯುದ್ಧ'ದ ನಾಟಕೀಯತೆಯನ್ನು ಕಂಡೇ ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ಅದನ್ನು ನಾಟಕವನ್ನಾಗಿ ಇಳಿಸಿದರು. ನಾಟಕಗಳು ಇದ್ದು ನಷ್ಟವಾದುವೆಂದು ಕೆಲವರು, ಇರಲೇ ಇಲ್ಲವೆಂದು ಕೆಲವರು ವಾದಿಸುತ್ತ ಬಂದಿದ್ದಾರೆ.

ಪಗರಣಶಬ್ದವು ಈ ಎರಡು ಪಕ್ಷಗಳಿಗೂ ಹೊರಗಿನ ಒಂದು ಸಾಕ್ಷಿ. ಕನ್ನಡಿಗರು ಪ್ರಕರಣವೆಂಬ ಹೆಸರನ್ನು ಕೇಳಿ, ಅದನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು, ಯಾವುದೋ ಒಂದು ಆಟಕ್ಕೆ ಇಟ್ಟು, ಅದನ್ನು ಆಡುವವನಿಗೂ ಒಂದು ಹೆಸರನ್ನು ಕೊಟ್ಟರು. ಆಟವಿಲ್ಲದೆ ಹೆಸರು ಹೀಗೆ ಸವೆಯಲಾರದು. ಆದರೆ ಆ ಆಟವು ಬರೆದಿಡುವಂಥದಾಗಿರಲಿಲ್ಲ. ಆದಕಾರಣ ಹಳಗನ್ನಡದಲ್ಲಿ ಪಗರಣವೆಂಬ ಶಬ್ದವನ್ನು ಕಂಡೊಡನೆ 'ಇಗೋ ನಾಟಕವಿತ್ತು' ಎಂದು ಸಂಭ್ರಮಿಸುವುದು ಎಷ್ಟು ತಪ್ಪೋ, ಪುಸ್ತಕಗಳಿಲ್ಲವೆಂದು 'ಆಟವೇ ಇರಲಿಲ್ಲ' ಎನ್ನುವುದೂ ಅಷ್ಟೇ ತಪ್ಪು. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುರೂಪಿ ಚೌಡಯ್ಯ, ಕಲಕೇತಯ್ಯ, ನಗೆಯ ಮಾರಿತಂದೆ ಇವರ ಹೆಸರುಗಳೇ ಅವರ ಕಾಯಕಗಳನ್ನು ಹೇಳುತ್ತವೆ: ಒಬ್ಬನು ನಾನಾ ವೇಷಗಳನ್ನು ಹಾಕುವವನು, ಒಬ್ಬನು ಕಲಕೇತನ ಆಟದವನು, ಒಬ್ಬನು ನಗಿಸುವವನು. ಮೂವರೂ ವಚನಕಾರರು. ಅವರ ವಚನಗಳು ನಮಗೆ ಉಳಿದಿವೆ. ಅವರು ಬೀದಿಯಲ್ಲಿ ಆಡಿದುದು ಉಳಿದಿಲ್ಲ. ಮೂರು ಜನ ಆಟಗಾರರ ಮಾತುಗಳನ್ನು ಶ್ರದ್ಧೆಯಿಂದ ಓಲೆಗೆ ಇಳಿಸಿದವರೂ ಅವರ ಆಟಗಳನ್ನು ಇಳಿಸಲಿಲ್ಲವೆಂಬುದನ್ನು ಗಮನಿಸಿದರೆ, ನಾಟಕಗಳ ಅಭಾವಕ್ಕೆ ಕಾರಣವನ್ನು ಪ್ರತಿಭೆಯಲ್ಲಿ ಹುಡುಕುವುದಕ್ಕಿಂತ ಯಾವುದು ಬರೆಯಲು ಯೋಗ್ಯವೆಂಬ ಆಗಿನವರ ಭಾವನೆಯಲ್ಲಿ ಹುಡುಕುವುದು ಮೇಲೆಂದು ನಮ್ಮ ಮತ.

ಆ ಭಾವನೆಯು ಅನುಕೂಲವಾಗಿರಲಿಲ್ಲ. ಅಶೋಕನು ತನ್ನ ಮೊದಲನೆಯ ಬಂಡೆಶಾಸನದಲ್ಲಿ 'ಸಮಾಜ'ವನ್ನು ನಡೆಸಕೂಡದೆಂದು, ಅದರಲ್ಲಿ ಬಹುದೋಷಗಳಿವೆಯೆಂದು ಹೇಳುತ್ತಾನೆ. ಸಮಾಜವೆಂದರೆ ಆಗ ಆಟಪಾಟಗಳ ಜಾತ್ರೆ. ಕೆಲವು ಸಮಾಜಗಳು ಒಳ್ಳೆಯವೆಂದು ಅವನೇ ಮುಂದೆ ಒಪ್ಪಿಕೊಳ್ಳುತ್ತಾನೆ. ಸಿಗಾಲೋವಾದಸುತ್ತದಲ್ಲಿ ಇಂಥ ಕೂಟಗಳಿಗೆ ಮನಸೋತ ಗೃಹಸ್ಥನ ಚಿತ್ರವಿದೆ: ಎಲ್ಲಿ ಕುಣಿತ, ಎಲ್ಲಿ ಹಾಡು, ಎಲ್ಲಿ ವಾದ್ಯ, ಎಲ್ಲಿ ಕಥೆ ಎಂದು ಕೇಳುತ್ತ ತಿರುಗುವುದೇ ಅವನ ಕೆಲಸ. ಹೊಸದಾಗಿ ನೆಲೆಸಿದ ಹಳ್ಳಿಗಳಲ್ಲಿ ನಟ ನರ್ತಕ ಗಾಯಕರು ಒಕ್ಕಲುತನಕ್ಕೆ ವಿಘ್ನ ಮಾಡದಂತೆ ನೋಡಿಕೊಳ್ಳಬೇಕೆನ್ನುತ್ತಾನೆ ಕೌಟಿಲ್ಯ. ನೋಟವು ಒಳ್ಳೆಯದನ್ನು ಮಾಡಿದ ಕಥೆಗಳೂ ಇವೆ, ಆದರೆ ಎಂಥ ಒಳ್ಳೆಯದು! ರಾಜಗೃಹದ ಬೆಟ್ಟದ ಮೇಲಿನ ಕೂಟವನ್ನು ನೋಡುತ್ತಿದ್ದಾಗಲೇ, ಈ ಜನರೆಲ್ಲ ನೂರು ವರ್ಷಗಳೊಳಗೆ ಇಲ್ಲವಾಗುವರೆಂದು ತೋರಿ, ಶಾರಿಪುತ್ರ ಮೌದ್ಗಲ್ಯಾಯನರು ವಿರಕ್ತರಾದರು. ಪಂಪನ 'ಆದಿಪುರಾಣ'ದಲ್ಲಿ (೯೪೧) ನೀಲಾಂಜನೆಯು ಕುಣಿಯುತ್ತಿರುವಾಗಲೇ ಆಯುಸ್ಸು ಮುಗಿದು ಕರಗಿಹೋಗುತ್ತಾಳೆ. ಇಂದ್ರನು ಆ ಕ್ಷಣವೇ ಅವಳಂಥ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಯವರಿಗೆ ಅದು ತಿಳಿಯದು, ಆದಿದೇವನೊಬ್ಬನಿಗೆ ತಿಳಿಯುತ್ತದೆ. ಕಾವ್ಯವಾಗಿ ಇದರ ಸೊಬಗು ಅಪೂರ್ವವಾದುದು. ಆದರೆ ಆಟವು ಮುರಿದು ವೈರಾಗ್ಯ ಹುಟ್ಟುವುದೇ ಆಟದ ಸಾರ್ಥಕ್ಯವೆಂಬ ಈ ದೃಷ್ಟಿಯಿಂದ ನೋಡಿದವರು ಬೀದಿಯ ಪಗರಣಿಗನ ಮಾತುಗಳನ್ನು ಬರೆದಿಡುವರೆಂದು ನಿರೀಕ್ಷಿಸುವುದು ನಮ್ಮ ತಪ್ಪಾಗುತ್ತದೆ. ನಮಗೆ ತಿಳಿದಿರುವ ಪ್ರಕರಣಗಳಲ್ಲಿ ಬಹು ಹಳೆಯದು ಅಶ್ವಘೋಷನ 'ಶಾರಿಪುತ್ರಪ್ರಕರಣ'. ಅದರ ತುಣುಕುಗಳು ಮಧ್ಯ ಏಷ್ಯದ ಮರಳಿನಲ್ಲಿ ದೊರೆತು ೧೯೧೧ರಲ್ಲಿ ಪ್ರಕಟವಾದುವು. ಆಟವನ್ನು ಬಿಟ್ಟುಹೋದವನ ಮೇಲೆಯೇ ಒಂದು ಆಟ! ಅದರಲ್ಲಿಯೂ ವಿದೂಷಕನಿದ್ದಾನೆ.

ಬರೆಯುವವರು ಮೆಚ್ಚದ ವಸ್ತುವಿನ ಹೆಸರು ಬರೆಹದಲ್ಲಿ ಕೆಡುತ್ತ ಹೋಗುತ್ತದೆ. ಇದು ಹಗರಣಕ್ಕೆ ಮಾತ್ರ ಒದಗಿದ ಗತಿಯಲ್ಲ. 'ಗೊಂದಲ'ವು ಅಂಬಾಭವಾನಿಯ ಭಕ್ತರಾದ ಗೊಂದಲಿಗರು ರಾತ್ರಿಯೆಲ್ಲ ನಡೆಸುವ ಕಥನ ಮತ್ತು ಕುಣಿತ. ಅದೇ ಶಬ್ದಕ್ಕೆ ಗಲಿಬಿಲಿಯೆಂಬ ಅರ್ಥವು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದೆ. 'ರಗಳೆ'ಯು ಹರಿಹರನು ಶಿವಶರಣರ ಕಥೆಗಳನ್ನು ಹಾಡಿದ ಛಂದಸ್ಸು. ಆಡುಮಾತಿನಲ್ಲಿ ರಗಳೆಯೆಂದರೆ ಪೀಡೆ. ದೊಂಬರ ಹಗ್ಗದ ಮೇಲಿನ ನಡೆಯು ವರ್ಷಗಳ ಅಭ್ಯಾಸದಿಂದ ಬರತಕ್ಕದ್ದು; 'ರಾಜಕೀಯ ದೊಂಬರಾಟ' ಎಂದು ಬರೆಯುವವರಿಗೆ ಆ ಅಭ್ಯಾಸದ ನೆನಪಿಲ್ಲ. ಸೋಗು, ಕೋಡಂಗಿ, ಕೊನೆಗೆ ನಾಟಕವೆಂಬ ಶಬ್ದವೂ ಬೈಗುಳಾಗಿವೆ. ಇವುಗಳಲ್ಲಿ ಕೆಲವಕ್ಕೆ ಯಾವ ಅರ್ಥವು ಮೊದಲೆಂಬುದು ವಿವಾದಾಸ್ಪದವಾಗಿರಬಹುದು. ಆದರೂ ಆಟದ ಹೆಸರುಗಳು ಇಷ್ಟೊಂದು ಕಿರುಕುಳದ ಹೆಸರುಗಳೂ ಆಗಿರುವುದನ್ನು ಆಕಸ್ಮಿಕವೆನ್ನಲಾಗದು.

ಆದರೆ ಹಗರಣದ ವಿಷಯದಲ್ಲಿ ಇಷ್ಟರಿಂದಲೇ ತೃಪ್ತರಾಗಲು ನಮಗೆ ಮನಸ್ಸಿಲ್ಲ. ಬರಿಯ ತಿರಸ್ಕಾರದಿಂದ ಅರ್ಥವು ಕೆಟ್ಟಿದ್ದರೆ ಅದು ಗೊಂದಲದಂತೆ ಗದ್ದಲಕ್ಕೆ ಇಳಿದು ನಿಲ್ಲಬೇಕಾಗಿತ್ತು. ನಡುವೆ ಹಾಗೆ ನಿಂತದ್ದೂ ಉಂಟು. ಅಲ್ಲಿಂದ ಮುಂದೆ, ಬಚ್ಚಿಟ್ಟ ಅಪರಾಧವು ಹೊರಬೀಳುವುದೆಂಬ ಅರ್ಥವು ಎಲ್ಲಿಂದ ಬಂದಿತು? ಇದಕ್ಕೆ ಉತ್ತರವು ಆಟದ ಸ್ವಭಾವದಲ್ಲಿಯೇ ಇದೆಯೆಂದು ನಮ್ಮ ಊಹೆ. ಸುಗ್ಗಿಯ ಹಗರಣದಲ್ಲಿ ಬರುವ ವೇಷಗಳು ದೇವತೆಗಳವಲ್ಲ. ಕಪಟ ಸಂನ್ಯಾಸಿ, ಪೊಲೀಸು, ವೈದ್ಯ, ಮದುವೆಯ ಹುಚ್ಚಿನ ಮುದುಕ ಇಂಥವರು ಅಲ್ಲಿ ಬರುತ್ತಾರೆ. ಆ ವರ್ಷ ಊರಿನಲ್ಲಿ ನಡೆದುದು ಯಾವುದೋ, ಎಲ್ಲರೂ ಬಲ್ಲ ಆದರೆ ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಯಾವುದೋ, ಅದು ವೇಷದ ಮರೆಯಲ್ಲಿ ಎಲ್ಲರೆದುರಿಗೆ ಬರುತ್ತದೆ. ಹಬ್ಬದ ದಿನವಾದುದರಿಂದ ಅಣಕಕ್ಕೆ ಒಳಗಾದವನು ಕೋಪಿಸಿಕೊಳ್ಳುವಂತಿಲ್ಲ. ಹೀಗೆ ಒಬ್ಬನನ್ನು ಹಗರಣ ಮಾಡುವುದೆಂದರೆ ಅವನ ಗುಟ್ಟನ್ನು ಹತ್ತು ಜನರ ಮುಂದೆ ಇಡುವುದಾಯಿತು. ಅವನು ಹಗರಣವಾದನೆಂದರೆ ಅವನ ಮಾನವು ಹೋಯಿತೆಂದಾಯಿತು. ತೋರಿಸುವ ಆಟದ ಹೆಸರು ತೋರಿಸಲ್ಪಟ್ಟ ಕೃತ್ಯಕ್ಕೆ ಬಿದ್ದುದು ಇದರ ಮುಂದಿನ ಹೆಜ್ಜೆ. 'ಹಗರಣವು ಬಯಲಿಗೆ ಬಂದಿತು' ಎಂದು ಇಂದು ಪತ್ರಿಕೆಯಲ್ಲಿ ಬರೆದರೆ ಅಕ್ರಮವು ಪತ್ತೆಯಾಯಿತೆಂದು ಅರ್ಥ. ಹಿಂದಿನವರು ಅದನ್ನು ಕೇಳಿದ್ದರೆ ವೇಷಗಾರರು ಊರ ಬಯಲಿಗೆ ಬಂದರೆಂದು ಮಕ್ಕಳನ್ನು ಕರೆದುಕೊಂಡು ಹೊರಟುಬಿಡುತ್ತಿದ್ದರು.

ಹಗರಣದ ಈ ಗುಣವು ಬರೆಹಕ್ಕೆ ಇಳಿದ ಒಂದು ಉದಾಹರಣೆಯನ್ನು ಇಲ್ಲಿ ಹೇಳಬಹುದು. ಹೊಸಗನ್ನಡದ ಸಾಮಾಜಿಕ ನಾಟಕಗಳಲ್ಲಿ ಮೊದಲನೆಯದೆಂದು ಎಣಿಸಲ್ಪಡುವ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವು ೧೮೮೭ರಲ್ಲಿ ಪ್ರಕಟವಾಯಿತು. ಅದನ್ನು ಬರೆದ ಸೂರಿ ವೆಂಕಟರಮಣ ಶಾಸ್ತ್ರಿಗಳು ಹೊನ್ನಾವರದ ಬಳಿಯ ಕರ್ಕಿಯವರು. ಹಣಕ್ಕಾಗಿ ಕನ್ಯೆಯನ್ನು ಮುದುಕನಿಗೆ ಕೊಡುವ ಪದ್ಧತಿಯು ಅದರ ವಸ್ತು. ಪಾತ್ರಗಳು ಮನೆಮಾತಾದ ಹವ್ಯಕ ಕನ್ನಡವನ್ನೇ ಆಡುತ್ತವೆ. ಶಾಸ್ತ್ರಿಗಳು ಸಂಸ್ಕೃತ ಬಲ್ಲವರಾದುದರಿಂದ ಅದನ್ನು ಪ್ರಹಸನವೆಂದು ಕರೆದರು. ಆದರೆ ಹಗರಣವು ಇಂದಿಗೂ ಬದುಕಿರುವ ಕರಾವಳಿಯಲ್ಲಿಯೇ, ಹಗರಣದ ರೀತಿಯಲ್ಲಿಯೇ, ಊರೊಳಗಿನ ಅನ್ಯಾಯವನ್ನು ಊರಮಾತಿನಲ್ಲಿ ತೆರೆದಿಡುವ ಈ ಕೃತಿಯು ಹುಟ್ಟಿತೆಂಬುದನ್ನು ಸಾಹಿತ್ಯಚರಿತ್ರೆಯು ಗಮನಿಸಬೇಕು. ಶಾಸ್ತ್ರಿಗಳ ಮೇಲೆ ಹಗರಣದ ಪ್ರಭಾವವಾಯಿತೆಂದು ನಾವು ಸಾಧಿಸುತ್ತಿಲ್ಲ.

ಇನ್ನು ಉಳಿದಿರುವ ಕೆಲಸವು ಗ್ರಂಥಾಲಯದಲ್ಲಿ ಮುಗಿಯುವಂಥದಲ್ಲ. ಒಂದು ಆಟದ ಹೆಸರು ಯಾವ ಕ್ರಿಯಾಪದದೊಡನೆ ಬಳಕೆಯಾಗುತ್ತದೆಂಬುದು ಆ ಆಟದ ಸ್ವರೂಪವನ್ನು ಚೆನ್ನಾಗಿ ತಿಳಿಸುತ್ತದೆ. ವೇಷವನ್ನು ಕಟ್ಟುತ್ತಾರೆ, ಸೋಗನ್ನು ಹಾಕುತ್ತಾರೆ, ಬಯಲಾಟವನ್ನು ಆಡುತ್ತಾರೆ, ಲಾವಣಿಯನ್ನು ಹಾಡುತ್ತಾರೆ. ಹಗರಣವನ್ನು ಕಟ್ಟುತ್ತಾರೆಯೋ, ಹಾಕುತ್ತಾರೆಯೋ, ತೆಗೆಯುತ್ತಾರೆಯೋ, ಬರಿದೆ ಮಾಡುತ್ತಾರೆಯೋ. ಹಾಲಕ್ಕಿ ಒಕ್ಕಲಿಗರಲ್ಲಿ ಒಂದು ಬಳಕೆ, ಪೇಟೆಯವರಲ್ಲಿ ಇನ್ನೊಂದು ಬಳಕೆ ಇದೆಯೋ. ಸುಗ್ಗಿಯ ಹಗರಣಕ್ಕೂ ಬಂಡಿಹಬ್ಬದ ಹಗರಣಕ್ಕೂ ಹೆಸರಿನಲ್ಲಿ ಭೇದವಿದೆಯೋ. ಆಡುವವನನ್ನು ಹಗರಣಿಗನೆಂದು ಈಗಲೂ ಕರೆಯುವ ಮುದುಕರು ಎಲ್ಲಿಯಾದರೂ ಇದ್ದಾರೆಯೋ, ಇವನ್ನು ಆ ಕಡೆಯ ವಾಚಕರು ಕೇಳಿ, ಕೇಳಿದ ಊರಿನ ಹೆಸರಿನೊಡನೆ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯೊಂದರಲ್ಲಿ ಈ ವಿಚಾರವನ್ನು ಮುಂದುವರಿಸಬಹುದು.